ಆಕಾಶಕ್ಕೆ ತಾಮ್ರದ ಪುಡಿ ಎರಚಿದರೆ ಟಿವಿ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಆರಿದ್ರಾ ಮಳೆ ಜೋರಾದ ಕೂಡಲೇ ಡಿಟಿಎಚ್ ಹೋಗಿಬಿಡುತ್ತದೆ. ಬರೀ ಮಳೆಹನಿ ಇಷ್ಟು ಮಾಡುವುದಾದರೆ, ಶತ್ರು ದೇಶವೊಂದು ಉಪಗ್ರಹಗಳ ದಾರಿಯಲ್ಲಿ ಲೋಹದ ಪುಡಿಯ ಮೋಡ ಬಿಟ್ಟು ಇಡೀ ದೇಶದ ಟಿವಿ, ಇಂಟರ್ನೆಟ್, ಜಿಪಿಎಸ್ ನಿಲ್ಲಿಸಬಹುದಲ್ವಾ? ಹಿಂದೆ ಅಮೆರಿಕ ಕೋಟಿಗಟ್ಟಲೆ ತಾಮ್ರದ ಸೂಜಿಗಳನ್ನು ಮೇಲೆ ಬಿಟ್ಟಿತ್ತು ಎಂದು ಕೇಳಿದೆ. ನಿಜವೇ? ಅವು ಈಗಲೂ ಅಲ್ಲಿವೆಯೇ?

ಉತ್ತರ: ಸೂಜಿ ಬಿಟ್ಟಿದ್ದು ನಿಜ. ಆದರೆ ಬಿಟ್ಟಿದ್ದು ಸಂಪರ್ಕ ಕೆಡಿಸುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ. ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಬೇಕಾದ ಲೆಕ್ಕವೆಲ್ಲ ಆ ಪ್ರಯೋಗದಲ್ಲೇ ಸಿಗುತ್ತದೆ.

1950ರ ದಶಕದಲ್ಲಿ ಸಮುದ್ರದಾಚೆಗೆ ಮಾತು ಕಳಿಸಲು ಇದ್ದದ್ದು ಎರಡೇ ದಾರಿ. ಒಂದು, ಸಮುದ್ರದ ತಳದಲ್ಲಿ ಹಾಸಿದ ಕೇಬಲ್. ಇನ್ನೊಂದು ಶಾರ್ಟ್‌ವೇವ್ ರೇಡಿಯೊ. ಶಾರ್ಟ್‌ವೇವ್ ಅಲೆಗಳು ಮೇಲೆ ವಿದ್ಯುತ್ ಹೊತ್ತ ಕಣಗಳ ಪದರವಾದ ಅಯಾನುಗೋಳಕ್ಕೆ ಬಡಿದು ವಾಪಸ್ ಭೂಮಿಗೆ ಬರುತ್ತವೆ. ಕೇಬಲನ್ನು ಶತ್ರು ಕತ್ತರಿಸಬಹುದು. ಅಯಾನುಗೋಳವನ್ನು ಸೂರ್ಯನ ಬಿರುಗಾಳಿ ಕದಡಬಹುದು, ಅಣುಬಾಂಬೂ ಕದಡಬಹುದು. ಎರಡೂ ಕೈಕೊಟ್ಟರೆ ಏನು ಗತಿ? ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದ ವಾಲ್ಟರ್ ಮಾರೋ ಮತ್ತು ಅವರ ಜೊತೆಗಾರ ಹ್ಯಾರಲ್ಡ್ ಮೇಯರ್ 1958ರಲ್ಲಿ ಒಂದು ದಾರಿ ಯೋಚಿಸಿದರು. ಪ್ರಕೃತಿ ಕೊಟ್ಟ ಕನ್ನಡಿ ಒಡೆದರೆ ನಾವೇ ಒಂದು ಕನ್ನಡಿ ಮಾಡಿ ಮೇಲಿಡೋಣ, ಅಂತ. ಅದೇ ವೆಸ್ಟ್ ಫೋರ್ಡ್ ಯೋಜನೆ.

ಕನ್ನಡಿ ಎಂದರೆ ತಗಡಲ್ಲ, ಬಿಡಿಬಿಡಿ ತಂತಿ ಚೂರುಗಳು. ಹಳೆ ಚಾರ್ಜರಿನ ವೈರ್ ಸುಲಿದು ನೋಡಿ. ಒಳಗೆ ತಾಮ್ರದ ಸಣ್ಣ ಎಳೆಗಳಿರುತ್ತವೆ. ಅದರಲ್ಲೊಂದನ್ನು ತೆಗೆದು ಎರಡು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ ಕತ್ತರಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ವೆಸ್ಟ್ ಫೋರ್ಡ್ ಸೂಜಿ ಅದಕ್ಕಿಂತ ನಾಲ್ಕೈದು ಪಟ್ಟು ತೆಳು. ಉದ್ದ 1.78 ಸೆಂ.ಮೀ., ದಪ್ಪ 17.8 ಮೈಕ್ರಾನ್. ನಮ್ಮ ತಲೆಗೂದಲೂ ಅದರ ಮುಂದೆ ದಪ್ಪವೇ.

ಸರಿಯಾಗಿ 1.78 ಯಾಕೆ? ಅವರು ಬಳಸಿದ್ದು ಸುಮಾರು 8 ಗಿಗಾಹರ್ಟ್ಸ್ ರೇಡಿಯೊ ಅಲೆ. ಅದರ ಒಂದು ಅಲೆಯ ಉದ್ದ 3.75 ಸೆಂ.ಮೀ. ತಂತಿ ಅದರ ಅರ್ಧದಷ್ಟಿದ್ದರೆ ಆ ಅಲೆಗೆ ತಾಳ ಹಾಕುತ್ತದೆ, ಅಂದರೆ ತಾನು ಹೀರಿದ್ದನ್ನು ಸುತ್ತಲೂ ಮತ್ತೆ ಚೆಲ್ಲುತ್ತದೆ. ಆಂಟೆನಾ ಕತ್ತರಿಸಿ ಕೈ ಪಳಗಿದವರಿಗೆ ಗೊತ್ತು, ಸರಿ ಅರ್ಧಕ್ಕಿಂತ ಒಂಚೂರು ಗಿಡ್ಡ ಇದ್ದರೇ ತಾಳ ಕೂಡುವುದು. ಹೆಂಚಿನ ಮೇಲೆ ಮೀನಿನ ಮುಳ್ಳಿನ ಹಾಗೆ ನಿಂತಿರುತ್ತಿದ್ದ ದೂರದರ್ಶನದ ಆಂಟೆನಾ ನೆನಪಿದೆಯಾ? ಅದರ ಸರಳುಗಳನ್ನು ಕತ್ತರಿಸಿದ್ದೂ ಇದೇ ಲೆಕ್ಕದಲ್ಲಿ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ಹಾಕಲು ಹೋದ ಬ್ರಿಟಿಷ್ ವಿಮಾನಗಳು ಜರ್ಮನ್ ರಾಡಾರಿನ ಕಣ್ಣು ಕಟ್ಟಲು ಕಟ್ಟುಗಟ್ಟಲೆ ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಉದುರಿಸಿದ್ದವು. ಅವನ್ನೂ ಆ ರಾಡಾರಿನ ಅರ್ಧ ಅಲೆಗೆ ಅಳೆದು ಕತ್ತರಿಸಲಾಗಿತ್ತು.

1961ರ ಅಕ್ಟೋಬರಿನಲ್ಲಿ ಮೊದಲ ಸಲ ಸೂಜಿಗಳನ್ನು ಮೇಲೆ ಕಳಿಸಿದರು. ಅವು ಬಿಡಿಸಿಕೊಳ್ಳಲೇ ಇಲ್ಲ. 1963ರ ಮೇ 9ರಂದು ಎರಡನೇ ಯತ್ನ ಕೈಗೂಡಿತು. ಸುಮಾರು 48 ಕೋಟಿ ಸೂಜಿ, ಎಲ್ಲ ಸೇರಿ 20 ಕಿಲೋ ಆಸುಪಾಸು. ಅವನ್ನು ಬಿಡಿಸಿದ ಉಪಾಯ ನನಗೆ ಬಹಳ ಇಷ್ಟ. ಸೂಜಿಗಳನ್ನು ಒತ್ತೊತ್ತಾಗಿ ಜೋಡಿಸಿ ನ್ಯಾಫ್ತಲೀನ್‌ನಲ್ಲಿ ಹುದುಗಿಸಿದ್ದರು. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಹಾಕುತ್ತೇವಲ್ಲ, ಆ ಬಿಳಿ ಗುಳಿಗೆಯ ವಸ್ತುವೇ. ಗುಳಿಗೆ ಕರಗಿ ನೀರಾಗುವುದಿಲ್ಲ, ಹಾಗೇ ಆವಿಯಾಗಿ ಸವೆಯುತ್ತದೆ. ಮೇಲಿನ ಶೂನ್ಯದಲ್ಲೂ ಅದೇ ಆಯಿತು. ಆ ಕಟ್ಟು ತಿರುಗುತ್ತಾ ತಿರುಗುತ್ತಾ ನ್ಯಾಫ್ತಲೀನ್ ಆರಿಹೋಯಿತು, ಸೂಜಿಗಳು ಒಂದೊಂದಾಗಿ ಕಳಚಿಕೊಂಡವು. ಕೆಲವು ವಾರಗಳಲ್ಲಿ ಸುಮಾರು 3,600 ಕಿ.ಮೀ. ಎತ್ತರದಲ್ಲಿ ಭೂಮಿಯ ಸುತ್ತ ಒಂದು ತೆಳು ಬಳೆ ಮೂಡಿತು.

ಅದು ಕೆಲಸ ಮಾಡಿತಾ? ಮಾಡಿತು. ಕ್ಯಾಲಿಫೋರ್ನಿಯಾದಲ್ಲೊಂದು, ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೋರ್ಡ್‌ನಲ್ಲೊಂದು, ಹೀಗೆ 18 ಮೀಟರ್ ಅಗಲದ ಎರಡು ಡಿಶ್. ನಮ್ಮ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಡಿಶ್‌ನ ಜೊತೆ ಇನ್ನೊಂದು ಸಣ್ಣದಿದೆಯಲ್ಲ, ಹೆಚ್ಚುಕಮ್ಮಿ ಆ ಅಳತೆಯವು. ಮೊದಲ ದಿನಗಳಲ್ಲಿ ಸೂಜಿಗಳು ಒತ್ತಾಗಿದ್ದಾಗ ಸೆಕೆಂಡಿಗೆ 20,000 ಬಿಟ್ ದಾಟಿಸಿದರು, ಮಾತೂ ಕೇಳಿಸಿತು. ಜುಲೈ ಹೊತ್ತಿಗೆ ಸೂಜಿಗಳು ಚದುರಿ, ಆ ವೇಗ 400 ಬಿಟ್‌ಗೆ ಇಳಿದಿತ್ತು. ಅಷ್ಟರಲ್ಲಿ ನಿಜವಾದ ಸಂಪರ್ಕ ಉಪಗ್ರಹಗಳೇ ಬಂದಿದ್ದವು. ಮೂರನೇ ಸಲ ಸೂಜಿ ಬಿಡಲು ಯಾರೂ ಹೋಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಆ 48 ಕೋಟಿ ಸೂಜಿ ಬೇರೆ ಸಿಗ್ನಲ್‌ಗಳಿಗೆ ಅಡ್ಡ ಬಂತಾ? ರೇಡಿಯೊ ಖಗೋಳ ವಿಜ್ಞಾನಿಗಳು ಬರಬಹುದೆಂದು ತುಂಬಾ ಹೆದರಿದ್ದರು. ಬ್ರಿಟನ್ನಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಬರ್ನಾರ್ಡ್ ಲೊವೆಲ್ ಕಟುವಾಗಿ ವಿರೋಧಿಸಿದರು. ಅವರ ಆತಂಕಕ್ಕೆ ನ್ಯಾಯ ಇತ್ತು. ಎಲ್ಲರ ಆಕಾಶದಲ್ಲಿ ಒಂದು ದೇಶ ತನ್ನಷ್ಟಕ್ಕೆ ತಾನೇ ಏನನ್ನೋ ಎರಚುವುದು ಸರಿಯಲ್ಲ. ಆದರೆ ಅಡ್ಡಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ನಿಮ್ಮೂರಿನ ಮಳೆಯ ಜೊತೆಗೇ ಇಟ್ಟು ತೂಗೋಣ.

ಗಂಟೆಗೆ 50 ಮಿ.ಮೀ. ಬೀಳುವ ಜಡಿಮಳೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು ಎರಡು ಗ್ರಾಂ ನೀರಿನ ಹನಿ ಇರುತ್ತದೆ. ಕಮ್ಮಿ ಅನ್ನಿಸುತ್ತದೆ ಅಲ್ವಾ? ಒಂದು ಘನ ಕಿಲೋಮೀಟರಿಗೆ ಲೆಕ್ಕ ಹಾಕಿ. 2,000 ಟನ್! ಉಪಗ್ರಹದಿಂದ ನಿಮ್ಮ ಮಾಡಿನ ಡಿಶ್‌ಗೆ ಬರುವ ಸಿಗ್ನಲ್ ಇಂಥ ಮಳೆಯ ಪದರವನ್ನು ನಾಲ್ಕೈದು ಕಿಲೋಮೀಟರ್ ದೂರ ತೂರಿಕೊಂಡು ಬರಬೇಕು. ಅದರ ಅಲೆ ಸುಮಾರು 2.5 ಸೆಂ.ಮೀ., ಹನಿಗಳು ಕೆಲವು ಮಿ.ಮೀ. ಹೀರಿಕೊಳ್ಳಲೂ ಚದುರಿಸಲೂ ಸಾಕಷ್ಟು ದೊಡ್ಡವೇ. ಅದಕ್ಕೇ ಸೀರಿಯಲ್ ಅರ್ಧಕ್ಕೆ ನಿಲ್ಲುವುದು. (ಜಡಿಮಳೆಗೆ ಹೋದರೆ ಸಹಜ. ಜಿಟಿಜಿಟಿ ಮಳೆಗೂ ಹೋಗುತ್ತಿದ್ದರೆ ನಿಮ್ಮ ಡಿಶ್ ಗಾಳಿಗೆ ಸ್ವಲ್ಪ ತಿರುಗಿರಬಹುದು. ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿಕೊಳ್ಳಿ.)

ವೆಸ್ಟ್ ಫೋರ್ಡ್ ಬಳೆಯಲ್ಲಿ ಒಂದು ಘನ ಕಿಲೋಮೀಟರಿಗೆ ಇದ್ದದ್ದು ಕೆಲವೇ ಹತ್ತು ಸೂಜಿ. 50 ಅಂತಲೇ ಹಿಡಿಯೋಣ. ತೂಕ ಎರಡು ಮಿಲಿಗ್ರಾಂ. ಅಲ್ಲಿ 2,000 ಟನ್, ಇಲ್ಲಿ ಎರಡು ಮಿಲಿಗ್ರಾಂ.

ತೂಕವನ್ನೇ ನೋಡಿದರೆ ಸೂಜಿಗೆ ಅನ್ಯಾಯವಾಗುತ್ತದೆ, ಅದೂ ನಿಜ. ತಾಳ ಕೂಡುವ ತಂತಿ ತನ್ನ ಗಾತ್ರಕ್ಕಿಂತ ಎಷ್ಟೋ ದೊಡ್ಡದಾಗಿ ಅಲೆಗೆ ಕಾಣುತ್ತದೆ. ಆ ಒಂದು ಸೂಜಿ 8 ಗಿಗಾಹರ್ಟ್ಸ್ ಅಲೆಗೆ ಸರಾಸರಿ ಎರಡು ಚದರ ಸೆಂಟಿಮೀಟರಿನಷ್ಟು ಕಾಣುತ್ತದೆ. 48 ಕೋಟಿಯನ್ನೂ ಕೂಡಿಸಿದರೆ ಸುಮಾರು 24 ಎಕರೆ ಗದ್ದೆಯಷ್ಟು. 20 ಕಿಲೋ ತಾಮ್ರದಿಂದ 24 ಎಕರೆ! ಮಾರೋ ಅವರ ಜಾಣ್ಮೆ ಇದ್ದದ್ದೇ ಇಲ್ಲಿ. ಆದರೆ ಆ 24 ಎಕರೆ 63,000 ಕಿ.ಮೀ. ಉದ್ದದ ಬಳೆಯಲ್ಲಿ ಹರಡಿಹೋಗಿದೆ. ಒಂದು ಘನ ಕಿಲೋಮೀಟರಿಗೆ ಒಂದು ಅಂಗೈಯಗಲ ನೆರಳು ಬರುತ್ತದೆ, ಅಷ್ಟೆ. ಬಳೆಯ ದಪ್ಪ 30 ಕಿ.ಮೀ. ಎಂದರೂ, ಅದನ್ನು ಹಾದುಬರುವ ಸಿಗ್ನಲ್ ಕಳೆದುಕೊಳ್ಳುವುದು ಸುಮಾರು 30 ಲಕ್ಷದಲ್ಲಿ ಒಂದು ಪಾಲು. ಯಾವ ರಿಸೀವರಿಗೂ ಅದು ಗೊತ್ತೇ ಆಗುವುದಿಲ್ಲ. ಅಷ್ಟು ಕ್ಷೀಣವಾಗಿ ಚದುರಿ ಬಂದದ್ದನ್ನು ಹಿಡಿಯಲಿಕ್ಕೇ ಅವರಿಗೆ 18 ಮೀಟರಿನ ಡಿಶ್ ಬೇಕಾಗಿದ್ದು. ಇನ್ನೊಂದು ಮಾತು. ಬೇರೆ ಅಲೆಯುದ್ದಕ್ಕೆ ಈ ಸೂಜಿ ಇಷ್ಟೂ ಕಾಣುವುದಿಲ್ಲ.

ಹಾಗಾದರೆ ಸಾವಿರ ಪಟ್ಟು ಜಾಸ್ತಿ ಒಯ್ದು, ಇಡೀ ಬಳೆಯ ಬದಲು ಒಂದೇ ಉಪಗ್ರಹದ ಮುಂದೆ ಗುಡ್ಡೆ ಹಾಕಿದರೆ? ಹಾಕಬಹುದು, ನಿಲ್ಲಿಸಲು ಆಗುವುದಿಲ್ಲ. ಕಕ್ಷೆಯಲ್ಲಿ ಯಾವುದೂ ಸುಮ್ನೆ ತೇಲುತ್ತಾ ನಿಂತಿರುವುದಿಲ್ಲ, ಪ್ರತಿ ಕಣವೂ ತನ್ನ ದಾರಿಯಲ್ಲಿ ಓಡುತ್ತಿರುತ್ತದೆ. ಕೆಳಕಕ್ಷೆಯಲ್ಲಿ ಒಂದು ಕಣ ಇನ್ನೊಂದಕ್ಕಿಂತ ಸೆಕೆಂಡಿಗೆ ಬರೀ ಒಂದು ಮೀಟರ್ ಜೋರಾಗಿ ಹೊರಟರೂ, ಒಂದೂವರೆ ಗಂಟೆಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಸುಮಾರು 16 ಕಿ.ಮೀ. ಅಂತರ ಬೀಳುತ್ತದೆ. ದಿನಕ್ಕೆ ಇನ್ನೂರೈವತ್ತು ಕಿ.ಮೀ. ಮೋಡ ಬಿಟ್ಟ ಮರುಗಳಿಗೆಯೇ ಎಳೆದ ಹಿಟ್ಟಿನ ಹಾಗೆ ಉದ್ದವಾಗುತ್ತಾ ಹೋಗುತ್ತದೆ.

ನಿಮ್ಮ ಟಿವಿ ಉಪಗ್ರಹ ಇನ್ನೂ ದೂರದ್ದು, 35,786 ಕಿ.ಮೀ. ಎತ್ತರದ್ದು. ಅದು ಭೂಮಿಯ ಜೊತೆಗೇ ತಿರುಗುವುದರಿಂದ ಡಿಶ್ ಅಲ್ಲಾಡಿಸಬೇಕಿಲ್ಲ. ಅದರ ನೆರಳಿಗೆ ಅಂತ 1,000 ಕಿ.ಮೀ. ಕೆಳಗೆ ಮೋಡ ಇಟ್ಟರೆ, ಆ ಮೋಡ ದಿನಕ್ಕೆ ಸುಮಾರು 13 ಡಿಗ್ರಿ ಮುಂದೆ ಓಡಿಬಿಡುತ್ತದೆ. ಇವತ್ತು ಭಾರತದ ಮೇಲಿದ್ದದ್ದು ಒಂದು ವಾರದಲ್ಲಿ ಪೆಸಿಫಿಕ್ ನಡುವೆ ಇರುತ್ತದೆ. ಸಣ್ಣ ಪುಡಿಯನ್ನು ಬಿಸಿಲಿನ ಒತ್ತಡ ಬೇರೆ ತಳ್ಳುತ್ತದೆ. ವೆಸ್ಟ್ ಫೋರ್ಡ್ ತಂಡ ಇದನ್ನು ಮೊದಲೇ ಲೆಕ್ಕ ಹಾಕಿತ್ತು. ಬಿಸಿಲೇ ಸೂಜಿಗಳ ಕಕ್ಷೆಯನ್ನು ಹಿಗ್ಗಿಸಿ, ಒಂದು ಬದಿ ಭೂಮಿಯ ಗಾಳಿಗೆ ತಾಗುವ ಹಾಗೆ ಮಾಡಿ, ಕೆಲವು ವರ್ಷಗಳಲ್ಲಿ ಕೆಳಗಿಳಿಸಲಿ ಎಂದೇ ಆ ಎತ್ತರವನ್ನು ಆರಿಸಿದ್ದರು. ಬಿಡಿ ಸೂಜಿಗಳು ಹಾಗೇ ಇಳಿದವು.

ಪರದೆಯಾಗಿ ಲೋಹದ ಮೋಡ ನಿಷ್ಪ್ರಯೋಜಕ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ವಿದ್ಯುತ್ ಹೊತ್ತ ಕಣಗಳ ಮೋಡದ ಮಾತು ಬೇರೆ.

ಅಂಥ ಮೋಡ ದಿನವೂ ನಮ್ಮ ತಲೆ ಮೇಲೆ ಇದೆ. ಅಯಾನುಗೋಳ ಅಂದರೆ ಅದೇ. ಭೂಮಿಯ ಕಾಂತ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾಯುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಎಂಬ ಊರನ್ನು ಆರಿಸಿದ್ದೂ ಅದಕ್ಕೇ. ಈ ಪಟ್ಟಿಯಲ್ಲಿ ಸಂಜೆ ಹೊತ್ತು ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳೇಳುತ್ತವೆ, ಕುದಿಯುವ ಅಂಬಲಿಯಲ್ಲಿ ಏಳುವ ಹಾಗೆ. ಹಗಲು ರಾತ್ರಿ ಸಮನಾಗಿರುವ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಜಾಸ್ತಿ. ಸೂರ್ಯನಲ್ಲಿ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಇನ್ನೂ ಜಾಸ್ತಿ. ಆಗ ಜಿಪಿಎಸ್ ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ, ಕೆಲವೊಮ್ಮೆ ರಿಸೀವರಿನ ಹಿಡಿತ ತಪ್ಪುತ್ತದೆ. ವಿಮಾನಗಳಿಗೆ ಜಿಪಿಎಸ್ ತಿದ್ದಿ ಕೊಡಲು ಕಟ್ಟಿದ ನಮ್ಮ ಗಗನ್ ವ್ಯವಸ್ಥೆಯವರು ಹೆಚ್ಚು ತಲೆಕೆಡಿಸಿಕೊಂಡದ್ದು ಈ ಅಯಾನುಗೋಳದ ಬಗ್ಗೆಯೇ. ಉಪಗ್ರಹ ಸಿಗ್ನಲ್ ಕೆಡಿಸುವ ಕಣಗಳ ಮೋಡ ಎಂದರೆ ನಮ್ಮ ಮಟ್ಟಿಗೆ ಮೊದಲನೆಯದು ಇದೇ, ಯಾವ ಶತ್ರುವೂ ಬಿಟ್ಟದ್ದಲ್ಲ.

ಮನುಷ್ಯರೂ ಅಂಥದ್ದನ್ನು ಬಿಟ್ಟದ್ದುಂಟು. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್‌ನ ಜಾನ್‌ಸ್ಟನ್ ದ್ವೀಪದ ಮೇಲೆ, 400 ಕಿ.ಮೀ. ಎತ್ತರದಲ್ಲಿ, 1.4 ಮೆಗಾಟನ್ ಅಣುಬಾಂಬ್ ಸಿಡಿಸಿತು. ಹೆಸರು ಸ್ಟಾರ್‌ಫಿಶ್ ಪ್ರೈಮ್. 1,400 ಕಿ.ಮೀ. ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು. ಅದು ಆ ರಾತ್ರಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಎಲೆಕ್ಟ್ರಾನ್‌ಗಳು. ಸ್ಫೋಟದಿಂದ ಬಂದ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು, ಉತ್ತರ ದಕ್ಷಿಣ ಓಡಾಡುತ್ತಾ, ಭೂಮಿಗೆ ಹೊಸದೊಂದು ವಿಕಿರಣದ ಪಟ್ಟಿ ಸುತ್ತಿದವು.

ಮರುದಿನ, ಜುಲೈ 10ರಂದು, ಟೆಲ್‌ಸ್ಟಾರ್ ಮೇಲೇರಿತು. ಅಟ್ಲಾಂಟಿಕ್ ಆಚೆಗೆ ಮೊದಲ ಸಲ ನೇರ ಟಿವಿ ಚಿತ್ರ ದಾಟಿಸಿದ ಉಪಗ್ರಹ ಅದು. ಪ್ರತಿ ಸುತ್ತಿನಲ್ಲೂ ಆ ಪಟ್ಟಿಯ ಮೂಲಕವೇ ಹಾಯಬೇಕಾಗಿತ್ತು. ಎಲೆಕ್ಟ್ರಾನ್‌ಗಳು ಅದರ ಟ್ರಾನ್ಸಿಸ್ಟರುಗಳನ್ನು ಮೆಲ್ಲಗೆ ತಿಂದವು. ನವೆಂಬರಿನಲ್ಲಿ ಅದು ಕೆಳಗಿನ ಆಜ್ಞೆ ಕೇಳುವುದನ್ನೇ ನಿಲ್ಲಿಸಿತು. ಎಂಜಿನಿಯರುಗಳು ಬಿಡಲಿಲ್ಲ. ಆಜ್ಞೆಯ ರೂಪ ಬದಲಿಸಿ, ಮತ್ತೆ ಮತ್ತೆ ಕಳಿಸಿ, 1963ರ ಜನವರಿಯಲ್ಲಿ ಅದನ್ನು ಎಬ್ಬಿಸಿದರು. ಫೆಬ್ರವರಿಯಲ್ಲಿ ಅದು ಪೂರ್ತಿ ಸುಮ್ಮನಾಯಿತು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್ 1 ಕೂಡ ಅದೇ ಪಟ್ಟಿಯಿಂದ ಪೆಟ್ಟು ತಿಂದಿತು. ಮಿತ್ರದೇಶದ್ದು, ತಾವೇ ಹಾರಿಸಿಕೊಟ್ಟದ್ದು! ಸಾವಿರಾರು ಮೈಲಿ ಆಚೆಯಿಂದ ಒಂದು ಯಂತ್ರವನ್ನು ಸಾವಿನಿಂದ ಎಳೆದು ತಂದ ಆ ಎಂಜಿನಿಯರುಗಳನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ದೇಶವೇ ಹಿಂದಿನ ದಿನ ಮಾಡಿದ ಕೆಲಸದಿಂದ ಅವರ ಉಪಗ್ರಹ ಸತ್ತಿತು. 1963ರ ಆಗಸ್ಟಿನಲ್ಲಿ ಬಾಹ್ಯಾಕಾಶದ ಅಣುಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ಭಾರತವೂ ಅದರಲ್ಲಿದೆ.

ಅಣುಬಾಂಬ್ ಬೇಡ, ಸೂಜಿಯೂ ಬೇಡ, ಸಣ್ಣ ಗುಂಡುಗಳನ್ನೇ ಎರಚಿದರೆ? ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಹೆದರಬೇಕಾದ ಭಾಗ ಇದು. ಅವು ಸಿಗ್ನಲ್ ತಡೆಯುವುದಿಲ್ಲ, ಉಪಗ್ರಹವನ್ನೇ ಹೊಡೆಯುತ್ತವೆ. ಕಡಲೆಕಾಳಿನಷ್ಟು ಉಕ್ಕಿನ ಗುಂಡು ಒಂದು ಗ್ರಾಂ ತೂಗುತ್ತದೆ. ಎದುರುಬದುರು ಬಂದಾಗ ಕೆಳಕಕ್ಷೆಯಲ್ಲಿ ಡಿಕ್ಕಿಯ ವೇಗ ಸೆಕೆಂಡಿಗೆ 10 ಕಿ.ಮೀ. ದಾಟುವುದು ಸಾಮಾನ್ಯ. ಆ ವೇಗದಲ್ಲಿ ಆ ಕಾಳಿಗಿರುವ ಶಕ್ತಿ, ಒಂದು ಟನ್ನಿನ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಂದು ಗುದ್ದುವಷ್ಟು. ಗುದ್ದು ಬೀಳುವುದು ಮಾತ್ರ ಕಾಳಿನಗಲ ಜಾಗಕ್ಕೆ.

2016ರ ಆಗಸ್ಟ್ 23ರಂದು ಯುರೋಪಿನ ಸೆಂಟಿನೆಲ್-1ಎ ಉಪಗ್ರಹದ ವಿದ್ಯುತ್ ಇದ್ದಕ್ಕಿದ್ದಂತೆ ಸ್ವಲ್ಪ ಕುಸಿಯಿತು, ಅದರ ದಾರಿಯೂ ಕೂದಲೆಳೆಯಷ್ಟು ಬದಲಾಯಿತು. ಅದರ ಮೇಲಿದ್ದ ಪುಟ್ಟ ಕ್ಯಾಮೆರಾ ಆನ್ ಮಾಡಿ ನೋಡಿದರೆ ಸೌರಫಲಕದಲ್ಲಿ ಸುಮಾರು 40 ಸೆಂ.ಮೀ. ಅಗಲದ ಗಾಯ. ಹೊಡೆದದ್ದು ಕೆಲವೇ ಮಿಲಿಮೀಟರಿನ ಕಣ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಲ್ಲಿ ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗಿನ ಚೂರುಗಳೇ 13 ಕೋಟಿಗೂ ಹೆಚ್ಚು ಮೇಲಿವೆ. ಕೆಳಗಿನ ರಾಡಾರಿಗೆ ಅವು ಕಾಣುವುದಿಲ್ಲ, ತಪ್ಪಿಸಿಕೊಳ್ಳಲಿಕ್ಕೂ ಆಗುವುದಿಲ್ಲ.

ಇಂಥ ಮೋಡವನ್ನು ಬೇಕೆಂದೇ ಎಬ್ಬಿಸಿದವರೂ ಇದ್ದಾರೆ. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೆ ಹವಾಮಾನ ಉಪಗ್ರಹವನ್ನು 865 ಕಿ.ಮೀ. ಎತ್ತರದಲ್ಲಿ ಒಡೆಯಿತು. ಗುರುತಿಸಲು ಸಿಕ್ಕ ಚೂರುಗಳೇ 3,000 ದಾಟಿದವು. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು, ಬಹುಪಾಲು ಚೂರುಗಳು ಇನ್ನೂ ಬಿದ್ದಿಲ್ಲ. 2019ರ ಮಾರ್ಚ್ 27ರಂದು ನಾವೂ ಮಿಷನ್ ಶಕ್ತಿಯಲ್ಲಿ ಒಂದನ್ನು ಒಡೆದೆವು. ಸುಮಾರು 283 ಕಿ.ಮೀ.ನಷ್ಟು ತಗ್ಗಿನಲ್ಲೇ ಒಡೆದದ್ದು ಜಾಗ್ರತೆಯ ಕೆಲಸ, ಹೆಚ್ಚಿನ ಚೂರುಗಳು ಬೇಗ ಬಿದ್ದು ಉರಿದವು. ಆದರೂ ಕೆಲವು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತ ಮೇಲಕ್ಕೆ ಚಿಮ್ಮಿದವು. 2021ರ ನವೆಂಬರ್ 15ರಂದು ರಷ್ಯಾ ಕಾಸ್ಮೋಸ್ 1408 ಅನ್ನು ಒಡೆದಾಗ ಆ ನಿಲ್ದಾಣದಲ್ಲಿದ್ದ ಏಳು ಜನ ತಮ್ಮ ವಾಪಸಾತಿ ನೌಕೆಗಳೊಳಗೆ ಹೋಗಿ ಕೂತುಕೊಳ್ಳಬೇಕಾಯಿತು. ಆ ಏಳರಲ್ಲಿ ಇಬ್ಬರು ರಷ್ಯಾದವರೇ.

ಆದ್ದರಿಂದ ಗುಂಡುಗಳ ಮೋಡ ಬಿಟ್ಟು ಒಂದು ದೇಶದ ಉಪಗ್ರಹಗಳನ್ನು ಮಾತ್ರ ಕೊಲ್ಲುವ ದಾರಿ ಇಲ್ಲ. 550 ಕಿ.ಮೀ. ಎತ್ತರದಲ್ಲಿ ಬಿಟ್ಟದ್ದು ಬಳೆಯಾಗಿ ಹರಡುತ್ತದೆ. ತಗ್ಗಿಗೆ ಇಳಿಯುತ್ತಾ ಇಳಿಯುತ್ತಾ 400 ಕಿ.ಮೀ. ಆಸುಪಾಸಿನಲ್ಲಿ ಮನುಷ್ಯರಿರುವ ಎರಡೂ ನಿಲ್ದಾಣಗಳ ಎತ್ತರವನ್ನು ಹಾದುಹೋಗುತ್ತದೆ. ಚೀನಾದ್ದೂ ಅಲ್ಲೇ ಇದೆ. ಟಿವಿ ಉಪಗ್ರಹಗಳ ಎತ್ತರದಲ್ಲಿ ಬಿಟ್ಟರೆ ಕೆಳಗೆಳೆಯಲು ಗಾಳಿಯೇ ಇಲ್ಲ, ಅದು ಅಲ್ಲೇ ಉಳಿಯುತ್ತದೆ. ವೆಸ್ಟ್ ಫೋರ್ಡ್ ಗಲಾಟೆಯಾದ ನಾಲ್ಕು ವರ್ಷಕ್ಕೆ, 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿ ಬಂತು. ಬೇರೆಯವರ ಕೆಲಸಕ್ಕೆ ಅಡ್ಡಿಯಾಗಬಹುದಾದ ಯಾವುದನ್ನೇ ಮಾಡುವ ಮೊದಲು ಅವರ ಜೊತೆ ಸಮಾಲೋಚನೆ ಮಾಡಬೇಕು ಎನ್ನುತ್ತದೆ ಅದು. ಉಪಗ್ರಹ ಒಡೆಯುವ ಪರೀಕ್ಷೆಗಳ ಹೊತ್ತಿನಲ್ಲಿ ಆ ವಿಧಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ.

ನಿಜವಾಗಿ ಸಂಪರ್ಕ ನಿಲ್ಲಿಸಬೇಕು ಅಂದುಕೊಂಡವರು ಆಕಾಶಕ್ಕೆ ಹೋಗುವುದೇ ಇಲ್ಲ. 2022ರ ಫೆಬ್ರವರಿ 24ರಂದು, ಉಕ್ರೇನ್ ಮೇಲೆ ರಷ್ಯಾ ದಾಳಿ ಶುರುವಾದ ಬೆಳಗ್ಗೆ, ಯುರೋಪಿಗೆ ಇಂಟರ್ನೆಟ್ ಕೊಡುವ ಕೆಎ-ಸ್ಯಾಟ್ ಉಪಗ್ರಹದ ಸೇವೆ ಸತ್ತಿತು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ನೆಲದ ಮೇಲಿನ ಜಾಲಕ್ಕೆ ನುಗ್ಗಿ ಸಾವಿರಾರು ಮೋಡೆಮ್‌ಗಳ ಸಾಫ್ಟ್‌ವೇರ್ ಅಳಿಸಿದ್ದರು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ಮೇಲೆ ದೂರದಿಂದ ಕಣ್ಣಿಡುವುದೂ ಅದರೊಂದಿಗೆ ನಿಂತುಹೋಯಿತು. ನಮ್ಮ ದೇಶದ ಸಂಪರ್ಕದ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಬೀಗ ಹಾಕಬೇಕಾದದ್ದು ನೆಲದ ಬಾಗಿಲಿಗೆ ಎನ್ನುತ್ತೇನೆ. ಮೇಲಿನದಕ್ಕೆ ಕಣ್ಣು ಬೇಕು. ಆ ಕಣ್ಣು ಬೆಂಗಳೂರಿನಲ್ಲೇ ಇದೆ. ಚೂರುಗಳ ಹಾದಿ ಲೆಕ್ಕ ಹಾಕಿ ನಮ್ಮ ಉಪಗ್ರಹಗಳನ್ನು ಪಕ್ಕಕ್ಕೆ ಸರಿಸುವ ಇಸ್ರೋ ಕೇಂದ್ರ 2022ರಿಂದ ಅಲ್ಲಿ ನಡೆಯುತ್ತಿದೆ.

ನಿಮ್ಮ ಕೊನೆಯ ಪ್ರಶ್ನೆ ಉಳಿಯಿತು. ಸೂಜಿಗಳು ಈಗಲೂ ಅಲ್ಲಿವೆಯೇ? ಬಿಡಿ ಸೂಜಿಗಳು ಇಲ್ಲ. ಆದರೆ ಎಲ್ಲವೂ ಬಿಡಿಯಾಗಿರಲಿಲ್ಲ. ನ್ಯಾಫ್ತಲೀನ್ ಆರುವಾಗ ಕೆಲವು ಸೂಜಿಗಳು ಒಂದಕ್ಕೊಂದು ತಾಗಿಯೇ ಉಳಿದವು. ಶೂನ್ಯದಲ್ಲಿ ಲೋಹಕ್ಕೆ ಲೋಹ ತಾಗಿದರೆ ಬೆಸುಗೆ ಹಾಕದೆಯೂ ಅಂಟಿಕೊಳ್ಳುತ್ತದೆ. ಹಾಗೆ ಮುದ್ದೆಯಾದವನ್ನು ತಳ್ಳಲು ಬಿಸಿಲಿಗೆ ಶಕ್ತಿ ಸಾಲಲಿಲ್ಲ. ಕೆಲವು ಡಜನ್ ಮುದ್ದೆಗಳು ಇವತ್ತಿಗೂ ರಾಡಾರಿನ ಪಟ್ಟಿಯಲ್ಲಿವೆ, ಒಂದೊಂದಕ್ಕೂ ನಂಬರ್ ಇದೆ. ನೀವು ಈ ಉತ್ತರ ಓದಿ ಮುಗಿಸುವ ಹೊತ್ತಿಗೆ ಅವು ಇನ್ನೊಂದಿಷ್ಟು ಸಾವಿರ ಕಿಲೋಮೀಟರ್ ಓಡಿರುತ್ತವೆ.